ಕೆಜಿಎಫ್‌ನ ಹಳೆಯ ಸಮಾಧಿಗಳನ್ನು ಉಳಿಸಬೇಕೆ? ಮಚ್ಚು ಎತ್ತುವ ಮೊದಲು ಇದನ್ನು ಓದಿ

ಕೆಜಿಎಫ್‌ನವರು, ಕೆಜಿಎಫ್ ಬಿಟ್ಟು ಬೆಂಗಳೂರು ಸೇರಿದವರು, ಆಗೊಮ್ಮೆ ಈಗೊಮ್ಮೆ ಪರ್ತ್‌ನಲ್ಲೋ ಲಂಡನ್‌ನಲ್ಲೋ ನೆಲೆಸಿದ ಆಂಗ್ಲೋ ಇಂಡಿಯನ್ ಮನೆತನದವರು ಕೇಳುವ ಪ್ರಶ್ನೆ ಒಂದೇ: "ನಮ್ಮ ಅಜ್ಜನ ಕಾಲದ ಸಮಾಧಿ ಸ್ಥಳ ಜಾಲಿ ಬೆಳೆದು ಮುಚ್ಚಿಹೋಗಿದೆ. ಭಾನುವಾರ ಹತ್ತು ಜನ ಹುಡುಗರನ್ನು ಕರೆದುಕೊಂಡು ಹೋಗಿ ಕ್ಲೀನ್ ಮಾಡಿಬಿಡಬಹುದಾ?"

ಮಾಡಬಹುದು, ಆದರೆ ಈ ಭಾನುವಾರ ಬೇಡ. ಹಳೆಯ ಸಮಾಧಿ ಸ್ಥಳಗಳಿಗೆ ಮಳೆ, ಬಿಸಿಲು, ಬೇರುಗಳು ಮಾಡುವ ಹಾನಿ ನಿಧಾನದ್ದು. ಉತ್ಸಾಹಿ ಸ್ವಯಂಸೇವಕರು ಒಂದೇ ಬೆಳಿಗ್ಗೆ ಅದನ್ನು ಮೀರಿಸಬಲ್ಲರು. ತಂತಿ ಬ್ರಷ್‌ನಿಂದ ಉಜ್ಜಿ ಅಕ್ಷರವೇ ಅಳಿಸಿಹೋದ ಅಮೃತಶಿಲೆ, ಜೆಸಿಬಿ ಓಡಾಡಿ ದಿಬ್ಬಗಳೆಲ್ಲ ಸಮತಟ್ಟಾದ ನೆಲ, ಎಲ್ಲಿಂದ ಎತ್ತಿದ್ದೆಂದು ಯಾರಿಗೂ ನೆನಪಿಲ್ಲದೆ ಗೋಡೆಗೆ ಒರಗಿಸಿಟ್ಟ ಹೆಸರಿನ ಕಲ್ಲುಗಳು ಇವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಆಗಿರುವಂಥವು. ಹಾಗಾಗಿ ಈ ಲೇಖನದಲ್ಲಿ ಕೆಲಸದ ಕ್ರಮಕ್ಕೇ ಹೆಚ್ಚು ಒತ್ತು. ಮೊದಲು ಕಾಗದಪತ್ರ, ಆಮೇಲೆ ದಾಖಲೆ, ಆಮೇಲೆ ಗಿಡಗಂಟಿ, ಕೊನೆಗೆ ಕಲ್ಲು. ನಿಮ್ಮ ತಂಡ ದಾಖಲೆ ಮುಗಿಸಿ ಅಲ್ಲಿಗೇ ನಿಂತುಹೋದರೂ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆಯೇ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿದ ಮೇಲೆ ಇಲ್ಲಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಬಲ್ಲವರು ಬಂದರು, ಇಟಲಿಯವರು ಬಂದರು, ಆಂಗ್ಲೋ ಇಂಡಿಯನ್ನರು ಬಂದರು. ಎಲ್ಲರಿಗಿಂತ ಹೆಚ್ಚಾಗಿ ಉತ್ತರ ಆರ್ಕಾಟಿನ ಕಡೆಯ ತಮಿಳರು, ಚಿತ್ತೂರಿನ ಕಡೆಯ ತೆಲುಗರು ಕುಟುಂಬಸಮೇತ ಬಂದು ಲೈನ್ ಮನೆಗಳಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ನೆಲೆಸಿದರು. ಅವರಲ್ಲಿ ಹೆಚ್ಚಿನವರು ದಲಿತರು. ಗಣಿ ಮೂರು ಕಿಲೋಮೀಟರಿಗೂ ಆಳ ಇಳಿಯಿತು. ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದಿಂದ ಸತ್ತವರು, ಕಾಲರಾ ಪ್ಲೇಗಿಗೆ ಬಲಿಯಾದವರು ಎಲ್ಲರೂ ಇದೇ ನೆಲದಲ್ಲಿದ್ದಾರೆ. ಮನೆ, ಆಸ್ಪತ್ರೆಯಂಥವನ್ನು ಬಹುಮಟ್ಟಿಗೆ ಕಂಪನಿಯೇ ನೋಡಿಕೊಳ್ಳುತ್ತಿದ್ದ ಊರು ಇದು. 2001ರ ಫೆಬ್ರವರಿ 28ರಂದು, ಆಮೇಲೆ ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್, ಅಂದರೆ ಬಿಜಿಎಂಎಲ್, ಬಾಗಿಲು ಹಾಕಿತು. ಕೆಲಸ ಹೋಯಿತು, ಜನ ಗುಳೆ ಹೋದರು, ಸತ್ತವರನ್ನು ನೋಡಿಕೊಳ್ಳುವವರೂ ಕಡಿಮೆಯಾದರು.

1. ಜಾಗ ಯಾರದು ಎಂದು ಪತ್ತೆ ಮಾಡಿ

ಎಲ್ಲರೂ ಹಾರಿಸಿಬಿಡುವ ಹಂತ ಇದೇ. "ಚರ್ಚಿನದ್ದು ತಾನೇ" ಎಂದು ಊಹಿಸಬೇಡಿ. ಕೆಜಿಎಫ್‌ನಲ್ಲಿ ಸಮಾಧಿ ಸ್ಥಳದ ನೆಲ ಬಿಜಿಎಂಎಲ್‌ನದ್ದಾಗಿರಬಹುದು, ಸರ್ಕಾರಿ ಸ್ಮಶಾನವಾಗಿರಬಹುದು, ನಗರಸಭೆಯದ್ದಾಗಿರಬಹುದು, ಚರ್ಚಿನದ್ದಾಗಿರಬಹುದು. ನೆಲ ಒಬ್ಬರದು, ಉಸ್ತುವಾರಿ ಇನ್ನೊಬ್ಬರದು ಎಂಬಂತೆಯೂ ಇರಬಹುದು.

ಮೊದಲು ಮೊಬೈಲಿನಲ್ಲಿ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಿ. ಆ ನಂಬರ್ ಹಿಡಿದು ಪಹಣಿ ತೆಗೆಸಿ. ಪಹಣಿ ಎಂದರೆ ಜಮೀನಿನ ಹಕ್ಕು, ವಿಸ್ತೀರ್ಣ, ಬಳಕೆ ತೋರಿಸುವ ಕಂದಾಯ ದಾಖಲೆ. ಅದರಲ್ಲಿ "ಬಿ ಖರಾಬು" ಎಂದಿದ್ದರೆ ರಸ್ತೆ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ಎಂದು ತಿಳಿಯಿರಿ. ಗಣಿ ಪ್ರದೇಶದೊಳಗಿನ ಜಾಗವಾದರೆ ಬಿಜಿಎಂಎಲ್ ಕಡೆಯಿಂದ ವಿಚಾರಿಸಬೇಕು. ಅದು ಕೇಂದ್ರ ಗಣಿ ಸಚಿವಾಲಯದ ಅಧೀನದ ಸಂಸ್ಥೆ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕೆಂದು ನಿಯಮವಿದೆ. ಪ್ರಶ್ನೆಯನ್ನು ಮಾತ್ರ ಚಿಕ್ಕದಾಗಿ ಕೇಳಿ: "ಈ ಸರ್ವೆ ನಂಬರಿನ ಜಮೀನು ಯಾರ ಅಧೀನದಲ್ಲಿದೆ, ಅದರ ನಕ್ಷೆಯ ಪ್ರತಿ ಕೊಡಿ." "ಯಾಕೆ ನೋಡಿಕೊಳ್ಳುತ್ತಿಲ್ಲ" ಎಂದು ಜಗಳದ ದನಿಯಲ್ಲಿ ಕೇಳಿದರೆ ಉತ್ತರವೂ ಹಾಗೆಯೇ ಬರುತ್ತದೆ.

ಚರ್ಚಿಗೆ ಸಂಬಂಧಿಸಿದ್ದಾದರೆ ಸ್ಥಳೀಯ ಫಾದರ್ ಅಥವಾ ಪಾಸ್ಟರ್ ಅವರಿಂದಲೇ ಶುರು ಮಾಡಿ. ಮೇಲಿನ ಒಪ್ಪಿಗೆ ಬೇಕಿದ್ದರೆ ಅವರೇ ದಾರಿ ತೋರುತ್ತಾರೆ. ಕ್ಯಾಥೊಲಿಕ್ ಚರ್ಚುಗಳು ಬೆಂಗಳೂರು ಮಹಾಧರ್ಮಪ್ರಾಂತಕ್ಕೆ ಸೇರಿದವು, ದಕ್ಷಿಣ ಭಾರತ ಸಭೆಯವು (ಸಿಎಸ್‌ಐ) ಅದರ ಕರ್ನಾಟಕ ಮಧ್ಯ ಡಯಾಸಿಸ್‌ಗೆ. ಖಬರಸ್ತಾನವಾದರೆ ಮಸೀದಿ ಸಮಿತಿ ಮತ್ತು ವಕ್ಫ್ ಮಂಡಳಿ.

ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ನಿಮ್ಮ ಪತ್ರದಲ್ಲಿ ಏನು ಮಾಡುತ್ತೀರಿ ಎಂಬುದಕ್ಕಿಂತ ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಿರಲಿ: ನೆಲ ಅಗೆಯುವುದಿಲ್ಲ, ಹೊಸ ಕಟ್ಟಡ ಕಟ್ಟುವುದಿಲ್ಲ, ಯಾವ ಕಲ್ಲನ್ನೂ ಆವರಣದಿಂದ ಹೊರಗೆ ಒಯ್ಯುವುದಿಲ್ಲ. ಜಾಗದ ಮೇಲೆ ಕಣ್ಣಿಟ್ಟವರು ಊರಿನಲ್ಲಿ ಇದ್ದೇ ಇರುತ್ತಾರೆ, ನಿಮ್ಮನ್ನೂ ಅವರಲ್ಲೊಬ್ಬರೆಂದು ಜನ ಅನುಮಾನಿಸುವುದು ಸಹಜ. ಪತ್ರದ ಒಂದು ಪ್ರತಿಯನ್ನು ಪೊಲೀಸ್ ಠಾಣೆಗೂ ಕೊಡಿ. ಸಮಾಧಿ ಸ್ಥಳಕ್ಕೆ ನುಗ್ಗಿ ಯಾರದೇ ಭಾವನೆಗೆ ನೋವಾಗುವಂತೆ ಅಪಚಾರ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಜೈಲುಶಿಕ್ಷೆ ಆಗಬಹುದಾದ ಅಪರಾಧ. ನಿಮ್ಮ ಉದ್ದೇಶ ಅದಲ್ಲ ನಿಜ, ಆದರೆ ದೂರು ಬಂದ ದಿನ ಕೈಯಲ್ಲಿ ಕಾಗದ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಜಾಗ ಕೇಂದ್ರ ಪುರಾತತ್ವ ಇಲಾಖೆಯ ಇಲ್ಲವೇ ರಾಜ್ಯ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಇದ್ದರೆ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ.

2. ಈಗಲೂ ಬಂದುಹೋಗುವವರನ್ನು ಮಾತಾಡಿಸಿ

ಪಾಳುಬಿದ್ದಂತೆ ಕಾಣುವ ಸಮಾಧಿ ಸ್ಥಳಕ್ಕೂ ವಾರಸುದಾರರು ಇರುತ್ತಾರೆ. ನವೆಂಬರ್ 2ರ ಕಲ್ಲರೈ ತಿರುನಾಳಿಗೆ, ಅಂದರೆ ಕ್ರೈಸ್ತರು ಸತ್ತ ಹಿರಿಯರನ್ನು ನೆನೆಯುವ ಹಬ್ಬಕ್ಕೆ, ಒಮ್ಮೆ ಹೋಗಿ ನೋಡಿ. ಮೊಂಬತ್ತಿ, ಹೂವು, ಸುಣ್ಣದ ಬಕೆಟ್ ಹಿಡಿದು ಬಂದವರು ಕಾಣುತ್ತಾರೆ. ಯಾವ ಮೂಲೆಯಲ್ಲಿ ಯಾರಿದ್ದಾರೆ, ಮೊದಲು ಗೇಟು ಎಲ್ಲಿತ್ತು, ಮಕ್ಕಳನ್ನು ಹೂಳುತ್ತಿದ್ದ ಸಾಲು ಯಾವುದು ಎಂಬುದೆಲ್ಲ ಗೊತ್ತಿರುವುದು ಅವರಿಗೇ. ಲೈನ್ ಮನೆಗಳ ಅಜ್ಜಿಯರನ್ನು, ಹಿಂದೆ ಸಮಾಧಿಗೆ ಗುಂಡಿ ತೋಡುತ್ತಿದ್ದವರನ್ನು ಹುಡುಕಿ ಕೇಳಿ. ತಮಿಳು ಬಲ್ಲವರು ಒಬ್ಬರಾದರೂ ತಂಡದಲ್ಲಿರಲಿ. ಇದನ್ನು ಸಲಹೆ ಎಂದುಕೊಳ್ಳಬೇಡಿ, ಷರತ್ತು ಎಂದೇ ತಿಳಿಯಿರಿ.

ಮನೆಯವರು ತಮ್ಮ ಹಿರಿಯರ ಸಮಾಧಿಗೆ ನೀಲಿ ಎನಾಮೆಲ್ ಪೇಂಟ್ ಬಳಿದಿದ್ದರೆ, ಬಾತ್‌ರೂಮ್ ಟೈಲ್ಸ್ ಹಾಕಿಸಿದ್ದರೆ ಅವರೊಂದಿಗೆ ವಾದಕ್ಕೆ ನಿಲ್ಲಬೇಡಿ. ಪಾರಂಪರಿಕ ಸಂರಕ್ಷಣೆಯ ಪಾಠ ಹೇಳಿಸಿಕೊಳ್ಳಲು ಅವರು ಅಲ್ಲಿಗೆ ಬಂದಿರುವುದಿಲ್ಲ. ನೀವು ನೋಡಿಕೊಳ್ಳಬೇಕಾದದ್ದು ಯಾರೂ ಬಾರದ ಸಮಾಧಿಗಳನ್ನು.

3. ಮುಟ್ಟುವ ಮೊದಲು ಬರೆದಿಡಿ

ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಕಲ್ಲು ಕಳುವಾಗಬಹುದು, ಮರ ಬೀಳಬಹುದು, ಜಾಗವೇ ಕೈತಪ್ಪಬಹುದು. ಬರೆದಿಟ್ಟದ್ದು ಉಳಿಯುತ್ತದೆ.

ಬೇಕಾದ ಸಾಮಾನು: 30 ಮೀಟರಿನ ಟೇಪು, ಗೂಟ, ಹಗ್ಗ, ಪ್ಯಾಡು, ಪೆನ್ಸಿಲು (ಪೆನ್ನು ಬೇಡ, ಬೆವರಿಗೆ ಶಾಯಿ ಹರಡುತ್ತದೆ), ಒಳ್ಳೆಯ ಕ್ಯಾಮೆರಾದ ಮೊಬೈಲು, ಮುಖ ನೋಡುವ ದೊಡ್ಡ ಕನ್ನಡಿ, ಪೇಂಟ್ ಬಳಿಯುವ ಮೆತ್ತನೆಯ ಬ್ರಷ್, ಅಡಿಪಟ್ಟಿ, ನಂಬರ್ ಬರೆದ ರಟ್ಟಿನ ತುಂಡುಗಳು.

ಮೊದಲು ಒಂದು ಆಧಾರರೇಖೆ ಹಾಕಿ. ಎಂದಿಗೂ ಅಲುಗದ ಎರಡು ಬಿಂದುಗಳ ನಡುವೆ, ಉದಾಹರಣೆಗೆ ಗೇಟಿನ ಕಂಬದಿಂದ ಎದುರು ಗೋಡೆಯ ಮೂಲೆಗೆ, ಹಗ್ಗ ಎಳೆಯಿರಿ. ಪ್ರತಿ ಸಮಾಧಿ ಆ ಗೆರೆಯ ಮೇಲೆ ಎಷ್ಟು ಮೀಟರಿನಲ್ಲಿದೆ, ಗೆರೆಯಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರ ಎಂದು ಅಳೆದು ಗುರುತಿಸಿ. ಮೊಬೈಲಿನ ಜಿಪಿಎಸ್ ಸಾಕಲ್ಲವೇ ಎಂದು ಕೇಳುವವರಿಗೆ: ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ, ಅಷ್ಟರಲ್ಲಿ ಮೂರು ಸಮಾಧಿ ಬಂದುಹೋಗುತ್ತವೆ. ಜಾಗ ಯಾವುದೆಂದು ತಿಳಿಸಲು ಜಿಪಿಎಸ್ ಸಾಕು, ಸಮಾಧಿ ಯಾವುದೆಂದು ಹೇಳಲು ಟೇಪೇ ಬೇಕು.

ಪ್ರತಿಯೊಂದಕ್ಕೂ ಒಂದು ನಂಬರ್, ಒಂದು ಹಾಳೆ. ಹಾಳೆಯಲ್ಲಿ ಸಮಾಧಿಯ ಬಗೆ (ನಿಂತ ಕಲ್ಲು, ಮಲಗಿಸಿದ ಚಪ್ಪಡಿ, ಕಟ್ಟೆ, ಶಿಲುಬೆ, ಬರೀ ಮಣ್ಣಿನ ದಿಬ್ಬ), ಕಲ್ಲಿನ ಬಗೆ, ಅಳತೆ, ಯಾವ ದಿಕ್ಕಿಗೆ ಮುಖ, ಎಲ್ಲಿ ಬಿರುಕು ಎಂಬುದನ್ನು ಬರೆಯಿರಿ. ಫೋಟೋ ನಾಲ್ಕಾದರೂ ಇರಲಿ: ದೂರದಿಂದ, ಎದುರಿನಿಂದ, ಬರಹದ್ದು ಹತ್ತಿರದಿಂದ, ಹಿಂಬದಿಯದು. ಹಿಂಬದಿಯಲ್ಲಿ ಕೆಳಗಡೆ ಕಲ್ಲು ಕೆತ್ತಿದವರ ಹೆಸರು, ಊರು ಇರುವುದುಂಟು. ನಂಬರಿನ ರಟ್ಟು ಮತ್ತು ಅಡಿಪಟ್ಟಿ ಒಂದು ಫೋಟೋದಲ್ಲಾದರೂ ಕಾಣಬೇಕು.

ಬರಹವನ್ನು ಕಲ್ಲಿನಲ್ಲಿ ಇರುವಂತೆಯೇ, ಸಾಲಿಗೆ ಸಾಲು, ತಪ್ಪು ಕಾಗುಣಿತದ ಸಮೇತ ನಕಲು ಮಾಡಿ. ತಿದ್ದಬೇಡಿ. ಓದಲಾಗದ ಅಕ್ಷರಕ್ಕೆ ಚುಕ್ಕಿ ಇಡಿ, ಊಹಿಸಿದ್ದಕ್ಕೆ ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ. ಇಂಗ್ಲಿಷ್ ಕಲ್ಲುಗಳಲ್ಲಿ ಪದೇ ಪದೇ ಕಾಣುವ ಕೆಲವು ಮಾತುಗಳಿವೆ. "ರೆಲಿಕ್ಟ್ ಆಫ್" ಎಂದರೆ ಇಂಥವರ ವಿಧವೆ. "ನೀ" ಎಂದು ಬಂದರೆ ಅದರ ಮುಂದಿನದು ಹೆಣ್ಣಿನ ತವರಿನ ಮನೆತನದ ಹೆಸರು, ವಂಶಾವಳಿ ಹುಡುಕುವವರಿಗೆ ಅದೊಂದು ಪದ ಎಲ್ಲಕ್ಕಿಂತ ಬೆಲೆಯುಳ್ಳದ್ದು. "ಐಎಚ್‌ಎಸ್" ಯೇಸುವಿನ ಹೆಸರಿನ ಗ್ರೀಕ್ ಅಕ್ಷರಗಳ ಸಂಕ್ಷೇಪ, ಸತ್ತವರ ಇನಿಷಿಯಲ್ ಎಂದು ಬರೆದುಕೊಳ್ಳಬೇಡಿ. ತಮಿಳು, ತೆಲುಗು ಬರಹವನ್ನು ಆಯಾ ಲಿಪಿಯಲ್ಲೇ ಇಳಿಸಿಕೊಳ್ಳಿ, ಕನ್ನಡದ ಓದು ಆಮೇಲೆ ಕೆಳಗೆ ಬರಲಿ.

ಸವೆದ ಅಕ್ಷರ ಓದಲು ಜನ ಸೀಮೆಸುಣ್ಣ ಉಜ್ಜುತ್ತಾರೆ, ಮೈದಾ ಹಿಟ್ಟು ಬಳಿಯುತ್ತಾರೆ, ಶೇವಿಂಗ್ ಕ್ರೀಮನ್ನೂ ಹಚ್ಚುತ್ತಾರೆ. ಯಾವುದೂ ಬೇಡ. ಸೀಮೆಸುಣ್ಣ ಗೀಚು ಬಿಡುತ್ತದೆ, ಹಿಟ್ಟು ಬೂಷ್ಟು ಬೆಳೆಸುತ್ತದೆ, ಕ್ರೀಮಿನ ರಾಸಾಯನಿಕ ಕಲ್ಲಿನೊಳಗೆ ಕೂರುತ್ತದೆ. ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮುಖದ ಮೇಲೆ ಪಕ್ಕದಿಂದ ಓರೆಯಾಗಿ ಹಾಯಿಸಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಮೋಡವಿದ್ದರೆ ಸಂಜೆ ಟಾರ್ಚಿನಿಂದ ಅದನ್ನೇ ಮಾಡಿ.

ಸೇನಾ ಲಾಂಛನವಿರುವ ಕಲ್ಲು ಸಿಕ್ಕಿ, ಸಾವಿನ ದಿನ 1914ರ ಆಗಸ್ಟಿನಿಂದ 1921ರ ಆಗಸ್ಟಿನೊಳಗೆ ಅಥವಾ 1939ರ ಸೆಪ್ಟೆಂಬರಿನಿಂದ 1947ರ ಡಿಸೆಂಬರಿನೊಳಗೆ ಇದ್ದರೆ ಅದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಹೊಣೆಗೆ ಬರುವ ಸಮಾಧಿಯಾಗಿರಬಹುದು. ಅದರ ಫೋಟೋ ತೆಗೆದು ಆಯೋಗಕ್ಕೆ ತಿಳಿಸಿ, ಸುತ್ತಲಿನ ಕಳೆ ತೆಗೆಯುವುದಕ್ಕೂ ಮೊದಲು ಅವರ ಉತ್ತರಕ್ಕೆ ಕಾಯಿರಿ.

ಕಲ್ಲಿನಲ್ಲಿ ಸಿಗದ ಹೆಸರುಗಳಿಗೆ ಪುಸ್ತಕ ತೆರೆಯಬೇಕು. ಚರ್ಚಿನ ಸಮಾಧಿ ರಿಜಿಸ್ಟರ್ ಮೊದಲ ಆಕರ. ಬ್ರಿಟಿಷರ ಕಾಲದ ಯುರೋಪಿಯನ್, ಆಂಗ್ಲೋ ಇಂಡಿಯನ್ ಸಮಾಧಿಗಳ ವಿವರ ಹುಡುಕಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿವೆ, ಅಲ್ಲಿ ಮದ್ರಾಸ್ ಪ್ರಾಂತದ ಚರ್ಚ್ ವರದಿಗಳ ಸರಣಿಯನ್ನು ನೋಡಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘವೊಂದು, ಸಂಕ್ಷೇಪದಲ್ಲಿ ಫಿಬಿಸ್, ಉಚಿತವಾಗಿ ಹುಡುಕಬಹುದಾದ ಹೆಸರುಗಳ ಪಟ್ಟಿ ಇಟ್ಟಿದೆ. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಆದರೆ ಈ ಯಾವುದರಲ್ಲೂ ಲೈನ್ ಮನೆಯ ಕೂಲಿಕಾರರ ಹೆಸರು ಸಲೀಸಾಗಿ ಸಿಗುವುದಿಲ್ಲ.

4. ಕಲ್ಲಿಲ್ಲದವರ ಲೆಕ್ಕ

ಇದಕ್ಕೆ ಬೇರೆ ಹಂತವೇ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕು. ಗ್ರಾನೈಟ್ ಶಿಲುಬೆ, ಇಟಾಲಿಯನ್ ಅಮೃತಶಿಲೆಯ ದೇವದೂತೆ ಕಣ್ಣಿಗೆ ಹೊಡೆಯುತ್ತವೆ, ಫೋಟೋಗೂ ಚೆನ್ನಾಗಿರುತ್ತವೆ. ಅವನ್ನಷ್ಟೇ ತೊಳೆದು "ಬ್ರಿಟಿಷ್ ಸಿಮೆಟ್ರಿ ಉಳಿಸಿದೆವು" ಎಂದರೆ ಮ್ಯಾನೇಜರನ ಸಮಾಧಿ ಉಳಿಯಿತು, ಅವನ ಕೆಳಗೆ ಗಣಿಗೆ ಇಳಿದವನದು ಉಳಿಯಲಿಲ್ಲ ಎಂದಾಗುತ್ತದೆ. ಬಡವರ ಸಮಾಧಿಗೆ ಇದ್ದದ್ದು ಮರದ ಶಿಲುಬೆ, ಸುತ್ತ ಒಂದು ಸಾಲು ಕಾಡುಕಲ್ಲು. ಮರವನ್ನು ಗೆದ್ದಲು ತಿಂದಿತು, ಕಲ್ಲನ್ನು ಯಾರೋ ಒಲೆಗೆ ಎತ್ತಿಕೊಂಡು ಹೋದರು.

ನೆಲ ನೋಡಿ ಗುರುತಿಸಲು ಕಲಿಯಿರಿ. ಆಳುದ್ದದ ಸಣ್ಣ ಉಬ್ಬು ಅಥವಾ ತಗ್ಗು, ಒಂದೇ ದಿಕ್ಕಿಗೆ ಸಾಲಾಗಿ ಇದ್ದರೆ ಅವು ಸಮಾಧಿಗಳು. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮಳೆ ನಿಂತ ಮೇಲೆ ತಗ್ಗಿನಲ್ಲಿ ಹುಲ್ಲು ಹೆಚ್ಚು ಹಸಿರಾಗಿರುತ್ತದೆ. ತಲೆಭಾಗದಲ್ಲಿ ನೆಟ್ಟ ಸಾಮಾನ್ಯ ಕಲ್ಲು, ಒಡೆದ ಗಡಿಗೆ, ನೆಟ್ಟು ಬೆಳೆಸಿದ ದೇವಕಣಗಿಲೆ ಇವೆಲ್ಲ ಗುರುತುಗಳೇ. ಇವಕ್ಕೂ ನಂಬರ್ ಕೊಡಿ, ನಕ್ಷೆಯಲ್ಲಿ ಇಡಿ. ಹಾರೆ ಚುಚ್ಚಿ ನೋಡುವ ಆಸೆ ಬೇಡವೇ ಬೇಡ.

ಬೇರೆ ಚಿನ್ನದ ಸೀಮೆಗಳಲ್ಲೂ ಈ ಪ್ರಶ್ನೆ ಬಂದಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬೀಚ್‌ವರ್ತ್ ಎಂಬ ಊರಿದೆ. ಅಲ್ಲಿಗೆ ಚಿನ್ನ ಅರಸಿ ಹೋಗಿದ್ದ ಚೀನೀಯರು 1850ರ ದಶಕದಲ್ಲಿ ಸ್ಮಶಾನದ ತಮ್ಮ ಭಾಗದಲ್ಲಿ ಕಟ್ಟಿಕೊಂಡ, ಸತ್ತವರಿಗಾಗಿ ಕಾಗದ ಸುಡುವ ಗೋಪುರಗಳನ್ನು ಆ ಊರು ಜೋಪಾನ ಮಾಡಿದೆ. ಈಗ ಹೊರಗಿನವರೂ ಅವನ್ನು ನೋಡಲು ಆ ಸ್ಮಶಾನಕ್ಕೆ ಬರುತ್ತಾರೆ.

5. ಗಿಡಗಂಟಿ ತೆಗೆಯುವುದು

ಕೋಲಾರದ ಕಡೆ ಒಳ್ಳೆಯ ಕಾಲ ಡಿಸೆಂಬರಿನಿಂದ ಫೆಬ್ರವರಿ. ಮಳೆ ಮುಗಿದಿರುತ್ತದೆ, ನೆಲ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಬಿಸಿಲು ತಡೆಯುವಂತಿರುತ್ತದೆ.

ಬೂಟು ಕಡ್ಡಾಯ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯ ಅಟ್ಟೆ ಹಾಯ್ದು ಬರುತ್ತದೆ. ದಪ್ಪ ಕೈಗವಸು, ಪೂರ್ತಿ ತೋಳಿನ ಅಂಗಿ, ಧನುರ್ವಾಯು ತಡೆಯುವ ಇಂಜೆಕ್ಷನ್. ಕಾಂಗ್ರೆಸ್ ಗಿಡ ಕೀಳುವವರು ಮೂಗು ಬಾಯಿ ಮುಚ್ಚಿಕೊಳ್ಳಲಿ, ಅಲರ್ಜಿ ಇರುವವರಿಗೆ ಆ ಕೆಲಸವೇ ಬೇಡ. ಬಿರುಕು ಬಿಟ್ಟ ಕಟ್ಟೆಗಳೊಳಗೆ ನಾಗರಹಾವು, ಕೊಳಕುಮಂಡಲ, ಕಟ್ಟುಹಾವು ಇರಬಹುದು. ಮೊದಲು ಉದ್ದ ಕೋಲಿನಿಂದ ತಟ್ಟಿ ಸದ್ದು ಮಾಡಿ, ಕಾಣದ ಕಡೆ ಕೈ ಹಾಕಬೇಡಿ. ಕಚ್ಚಿದರೆ ಕಟ್ಟು ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ. ವಿಷಕ್ಕೆ ಮದ್ದು ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಿ. ಮರದಲ್ಲಿ ಹೆಜ್ಜೇನು ಇದ್ದರೆ ಆ ಕಡೆಯ ಕೆಲಸ ಬಿಟ್ಟುಬಿಡಿ. ಗಣಿ ಪ್ರದೇಶದ ಅಂಚಿನಲ್ಲಿರುವ ಜಾಗವಾದರೆ ಆವರಣ ದಾಟಿ ಪೊದೆಗಳಲ್ಲಿ ಅಲೆಯಬೇಡಿ. ಹಳೆಯ ಗಣಿಬಾವಿಗಳು ಗಿಡ ಮುಚ್ಚಿಕೊಂಡಿರಬಹುದು.

ಕೆಲಸದಲ್ಲಿ ನಿಯಮ ಒಂದೇ: ಕತ್ತರಿಸಿ, ಕೀಳಬೇಡಿ. ಕಟ್ಟೆಯ ಸಂದಿಯಲ್ಲಿ ಬೆಳೆದ ಅರಳಿ ಗಿಡವನ್ನು ಎಳೆದರೆ ಬೇರಿನ ಜೊತೆ ಇಟ್ಟಿಗೆಯೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಂತೆಲ್ಲ ಮತ್ತೆ ಕತ್ತರಿಸುತ್ತಿರಿ. ಎಷ್ಟೋ ಕಡೆ ಬೇರೇ ಇಡೀ ಕಟ್ಟೆಯನ್ನು ಹಿಡಿದು ನಿಲ್ಲಿಸಿರುತ್ತದೆ, ಅಂಥದ್ದನ್ನು ಸಂರಕ್ಷಣೆ ಬಲ್ಲವರು ಬಂದು ನೋಡುವವರೆಗೆ ಮುಟ್ಟಬೇಡಿ. ಲಂಟಾನವನ್ನು ದಾರಿಗಳಲ್ಲಿ ಬುಡಸಮೇತ ತೆಗೆಯಬಹುದು, ಸಮಾಧಿಯ ಮೇಲೆ ನೆಲಮಟ್ಟಕ್ಕೆ ಕತ್ತರಿಸಿದರೆ ಸಾಕು. ಜಾಲಿ ಕತ್ತರಿಸಿದ ಮೇಲೂ ಚಿಗುರುತ್ತದೆ, ಒಂದು ವರ್ಷದಲ್ಲಿ ಮುಗಿಯುವ ಕೆಲಸ ಅದಲ್ಲ.

ಬೆಂಕಿ ಹಾಕಬೇಡಿ. ಕಡಿದ ಮುಳ್ಳನ್ನು ಅಲ್ಲೇ ಗುಡ್ಡೆ ಹಾಕಿ ಸುಡುವುದು ನಮ್ಮ ಕಡೆ ರೂಢಿ, ಆದರೆ ಬಿಸಿಗೆ ಗ್ರಾನೈಟ್ ಚಕ್ಕೆ ಏಳುತ್ತದೆ, ಅಮೃತಶಿಲೆ ಪುಡಿಯಾಗುತ್ತದೆ. ಕಳೆನಾಶಕ ಸಿಂಪಡಿಸುವುದೂ ಬೇಡ, ಅದರ ಲವಣ ಕಲ್ಲಿನೊಳಗೆ ಇಳಿಯುತ್ತದೆ. ಜೆಸಿಬಿಯನ್ನು ಗೇಟಿನ ಒಳಗೆ ಬಿಡಲೇಬೇಡಿ, ಪುಕ್ಕಟೆ ಕೊಡುತ್ತೇನೆ ಎಂದವರಿಗೆ ಕೈಮುಗಿದು ಬೇಡ ಎನ್ನಿ. ನಾಲ್ಕನೇ ಹಂತದಲ್ಲಿ ಹೇಳಿದ ದಿಬ್ಬಗಳು ಹೋಗುವುದು ಅದರಿಂದಲೇ.

ದೊಡ್ಡ ಮರಗಳ ವಿಚಾರ ಬೇರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಯಾವ ಮರಕ್ಕೆ ಅನುಮತಿ ಬೇಕು ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಕೊಂಬೆ ಮುಟ್ಟಿ. ಹಳೆಯ ದೇವಕಣಗಿಲೆ, ಗುಲಾಬಿ, ಲಿಲ್ಲಿ ಗಡ್ಡೆಗಳು ಯಾರೋ ನೆಟ್ಟು ಹೋದವು. ಅವು ಇರಲಿ.

6. ಕಲ್ಲು ತೊಳೆಯುವುದು

ತೊಳೆಯಲೇಬೇಕೆಂದೇನೂ ಇಲ್ಲ. ಬರಹ ಓದಲು ಬರುತ್ತಿದ್ದರೆ, ಅಥವಾ ಕಲ್ಲು ಪುಡಿ ಉದುರುತ್ತಿದ್ದರೆ, ಹಾಗೆಯೇ ಬಿಡಿ. ತಟ್ಟಿದಾಗ ಟೊಳ್ಳು ಸದ್ದು ಬರುವ ಕಲ್ಲನ್ನು ತೊಳೆಯಬಾರದು, ಒಳಗೆ ಪದರ ಬಿಟ್ಟಿರುತ್ತದೆ.

ಶುದ್ಧ ನೀರು, ಮೆತ್ತನೆಯ ನೈಲಾನ್ ಅಥವಾ ನಾರಿನ ಬ್ರಷ್, ಬಿದಿರಿನ ಚಕ್ಕೆ ಇವಿಷ್ಟೇ ಸಾಮಾನು. ಕಲ್ಲನ್ನು ಮೊದಲು ಚೆನ್ನಾಗಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣ ಕಲ್ಲಿನ ಮೇಲೆ ಇಳಿದು ಗೆರೆ ಕೂರುತ್ತದೆ. ಕಲ್ಲುಹೂವು, ಅಂದರೆ ಕಲ್ಲಿಗೆ ಅಂಟಿ ಬೆಳೆಯುವ ಬೂದು ಹಸಿರು ಪದರ, ಒಂದೇ ಸಲಕ್ಕೆ ಬರದಿದ್ದರೆ ಬಿಡಿ.

ಆಸಿಡ್, ಬ್ಲೀಚಿಂಗ್ ಪೌಡರ್, ಸೋಪಿನ ಪುಡಿ, ತಂತಿ ಬ್ರಷ್, ಗ್ರೈಂಡರ್, ಪ್ರೆಷರ್ ವಾಷರ್ ಇವು ಯಾವುವೂ ಆವರಣದೊಳಗೆ ಬರಬಾರದು. ಅಮೃತಶಿಲೆ ಎಂದರೆ ಸುಣ್ಣದ ಕಲ್ಲೇ, ಹುಳಿ ತಾಗಿದರೆ ಕರಗುತ್ತದೆ. ಹಿತ್ತಾಳೆ ಬೆಳಗುವ ಹುಣಸೆಹಣ್ಣನ್ನು ಅಮೃತಶಿಲೆಗೆ ಹಚ್ಚಲು ಹೋಗುವವರನ್ನು ತಡೆಯಿರಿ. ತೊಳೆದ ಮೇಲೆ ಪಾಲಿಶ್, ವಾರ್ನಿಷ್ ಬೇಡ, ಅಕ್ಷರಕ್ಕೆ ಕಪ್ಪು ಬಣ್ಣ ತುಂಬುವುದೂ ಬೇಡ.

7. ಬಿದ್ದದ್ದು, ಒಡೆದದ್ದು

ಮೂರಡಿ ಎತ್ತರ, ಎರಡಡಿ ಅಗಲ, ನಾಲ್ಕು ಇಂಚು ದಪ್ಪದ ಒಂದು ಗ್ರಾನೈಟ್ ಕಲ್ಲು ಸುಮಾರು 150 ಕಿಲೊ ತೂಗುತ್ತದೆ. ನಾಲ್ಕು ಜನ ಹೋ ಎಂದು ಎತ್ತುವ ವಸ್ತುವಲ್ಲ. ಬಿದ್ದ ಕಲ್ಲನ್ನು ನಿಲ್ಲಿಸುವುದಾದರೆ ಮುಕ್ಕಾಲಿ, ಚೈನ್ ಪುಲ್ಲಿ, ಬಟ್ಟೆಪಟ್ಟಿ ಬೇಕು, ಅದನ್ನು ಬಳಸಿ ಬಲ್ಲ ಕಲ್ಲುಕೆಲಸದವರು ಬೇಕು. ವಾಲಿ ನಿಂತ ಕಲ್ಲಿನ ಹತ್ತಿರ ಮಕ್ಕಳನ್ನು ಬಿಡಬೇಡಿ. ಒಡೆದ ತುಂಡುಗಳು ಬಿದ್ದ ಜಾಗದ ಫೋಟೋ ತೆಗೆದು, ನಂಬರ್ ಹಾಕಿ, ಅದೇ ಸಮಾಧಿಯ ಮೇಲೆಯೇ ಮುಖ ಮೇಲಾಗಿ ಇಡಿ. "ಸುರಕ್ಷಿತವಾಗಿ" ಬೇರೆಡೆ ಸಾಗಿಸಿದ ತುಂಡು ತನ್ನ ಸಮಾಧಿಗೆ ಮರಳಿ ಬರುವುದು ಅಪರೂಪ.

ಕಟ್ಟೆಗಳ ರಿಪೇರಿಗೆ ಸಿಮೆಂಟ್ ಬೇಡ. ಇದನ್ನು ಹೇಳಿದರೆ ಮೇಸ್ತ್ರಿಗಳು ನಗುತ್ತಾರೆ, ಆದರೂ ಹಿಡಿದ ಹಟ ಬಿಡಬೇಡಿ. ಹಳೆಯ ಇಟ್ಟಿಗೆ ಕಟ್ಟೆಗಳು ಸುಣ್ಣದ ಗಾರೆಯವು. ಸುಣ್ಣ ಮೆತ್ತಗಿರುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಲವಣ ಹರಳುಗಟ್ಟಿ, ಹಿಂದಿನ ಇಟ್ಟಿಗೆ ಹಿಟ್ಟಾಗುತ್ತದೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಧೂಳು. ಅರಳಿಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಎಂಬುದು ಸಾಮಾನ್ಯ ಲೆಕ್ಕ. ಮಳೆ ಬಡಿಯುವ ಕಡೆ ಮರಳಿನ ಒಂದಂಶದ ಬದಲು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಸೇರಿಸುತ್ತಾರೆ. ಅಳಲೆಕಾಯಿ ಮತ್ತು ಬೆಲ್ಲ ಕೊಳೆಸಿದ ನೀರಿನಲ್ಲಿ ಗಾರೆ ಕಲಸುವುದು ದಕ್ಷಿಣದ ಹಳೆಯ ಪದ್ಧತಿ, ಅದನ್ನು ಬಲ್ಲ ಮೇಸ್ತ್ರಿ ಸಿಕ್ಕರೆ ಅದೃಷ್ಟ. ಬಳಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನಿಧಾನವಾಗಿ ಆರಲು ಬಿಡಿ. ಸುಣ್ಣ ಅರಳಿಸುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಹಾಕಿಯೇ ಕೆಲಸ ಮಾಡಿ.

ಕೆಜಿಎಫ್‌ಗೆ ಮಾತ್ರ ಸಂಬಂಧಿಸಿದ ಒಂದು ಎಚ್ಚರಿಕೆ. ಸೈನೈಡ್ ದಿಬ್ಬಗಳ ನುಣ್ಣನೆಯ ಮರಳು ಪಕ್ಕದಲ್ಲೇ ಬಿಟ್ಟಿ ಸಿಗುತ್ತದೆ ಎಂದು ಯಾರಾದರೂ ಗಾಡಿಯಲ್ಲಿ ತಂದು ಸುರಿಯುತ್ತಾರೆ. ಅದು ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಗಣಿತ್ಯಾಜ್ಯ. ರಾಸಾಯನಿಕ, ಗಂಧಕದ ಲವಣ ತುಂಬಿದ ಅದು ಕೈಗೂ ಕೆಟ್ಟದ್ದು, ಗಾರೆಗೂ ಕೆಟ್ಟದ್ದು. ತೊಳೆದ ಒಳ್ಳೆಯ ಮರಳನ್ನು ದುಡ್ಡು ಕೊಟ್ಟೇ ತರಿಸಿ.

ಹಳೆಯ ಶಿಲುಬೆಗಳ ತುಂಡುಗಳನ್ನು ಜೋಡಿಸಲು ಒಳಗೆ ಕಬ್ಬಿಣದ ಸರಳು ಇಟ್ಟಿದ್ದಿರುತ್ತದೆ. ತುಕ್ಕು ಹಿಡಿದಾಗ ಅದು ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಮರುಜೋಡಣೆಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಕು, ಕೆಲಸ ಸಂರಕ್ಷಣೆ ಕಲಿತವರದೇ ಆಗಬೇಕು. ಪಾರಂಪರಿಕ ಸಂರಕ್ಷಣೆಗಾಗಿ 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯನ್ನು ಸಲಹೆಗೆ ಕೇಳಿ ನೋಡಿ. ಕುಸಿದ ಸಮಾಧಿಯೊಳಗೆ ಏನಾದರೂ ಕಂಡರೆ ಕೆಲಸ ನಿಲ್ಲಿಸಿ, ಮುಚ್ಚಿ, ಜಾಗದ ಹೊಣೆ ಹೊತ್ತವರಿಗೆ ತಿಳಿಸಿ. ಫೋಟೋ ತೆಗೆದು ಹಂಚಬೇಡಿ.

8. ಹಣ

ಮೊದಲ ನಾಲ್ಕು ಹಂತಕ್ಕೆ ಹಣ ಹೆಚ್ಚು ಬೇಡ, ಸಮಯ ಬೇಕು. ಐದರಿಂದ ಮುಂದೆ ಕೂಲಿ, ಸಲಕರಣೆ, ಸುಣ್ಣ ಎಂದು ಖರ್ಚು ಬೆಳೆಯುತ್ತದೆ.

ಇಲ್ಲಿನ ದೊಡ್ಡ ಗುಂಡಿ ವಿದೇಶದ ದುಡ್ಡು. ಪರ್ತ್‌ನ ಮೊಮ್ಮಗಳೊಬ್ಬಳು "ನಿಮ್ಮ ಖಾತೆಗೆ ಹಾಕುತ್ತೇನೆ" ಎನ್ನುತ್ತಾಳೆ. ನೀವು ಖುಷಿಯಿಂದ ನಂಬರ್ ಕೊಡುತ್ತೀರಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಹೀಗೆ ವಿದೇಶಿ ದೇಣಿಗೆ ಪಡೆಯುವಂತಿಲ್ಲ. ನೋಂದಣಿ ಇರುವ ಸಂಸ್ಥೆ ತಾನು ಪಡೆದದ್ದನ್ನು ನಿಮಗೆ ದಾಟಿಸುವುದನ್ನೂ 2020ರ ತಿದ್ದುಪಡಿ ನಿಷೇಧಿಸಿದೆ. ಲೆಕ್ಕಪರಿಶೋಧಕರನ್ನು ಕೇಳದೆ ಒಂದು ಪೈಸೆ ತೆಗೆದುಕೊಳ್ಳಬೇಡಿ. ಊರಿನಲ್ಲೇ ಎತ್ತುವ ಹಣಕ್ಕೂ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಿ, ಸಂಘದ ಹೆಸರಿನಲ್ಲಿ ಖಾತೆ ತೆರೆದು ರಸೀದಿ ಕೊಡುವುದು ಒಳ್ಳೆಯದು.

ಲಂಡನ್ನಿನಲ್ಲಿ 1976ರಿಂದ ದಕ್ಷಿಣ ಏಷ್ಯಾದ ಯುರೋಪಿಯನ್ ಸಮಾಧಿ ಸ್ಥಳಗಳಿಗಾಗಿಯೇ ಕೆಲಸ ಮಾಡುತ್ತಿರುವ ಬ್ಯಾಕ್ಸಾ ಎಂಬ ಸಂಘ ಸಣ್ಣ ಪ್ರಮಾಣದ ನೆರವು ಕೊಡುತ್ತದೆ. ಅರ್ಜಿ ಹಾಕುವ ಮುಂಚೆ ನಿಮ್ಮ ನಕ್ಷೆ, ಪಟ್ಟಿ, ಜಾಗದ ಒಪ್ಪಿಗೆ ಪತ್ರ ಸಿದ್ಧವಿರಲಿ. ಮೇಲೆ ಹೇಳಿದ ಕಾನೂನು ಅದಕ್ಕೂ ಅನ್ವಯಿಸುತ್ತದೆ. ವಿದೇಶದಲ್ಲಿರುವ ಮನೆತನದವರಿಂದ ಹಣಕ್ಕಿಂತ ಮೊದಲು ಹಳೆಯ ಫೋಟೋ, ಕಾಗದ, ಸಮಾಧಿಯ ರಸೀದಿ ಕೇಳಿ. ಅದಕ್ಕೆ ಯಾವ ಅನುಮತಿಯೂ ಬೇಡ.

9. ಆಮೇಲೆ

ಒಂದು ಮಳೆಗಾಲ ಕಳೆದರೆ ಜಾಲಿ ಮತ್ತೆ ಸೊಂಟಕ್ಕೆ ಬರುತ್ತದೆ. ಹಾಗಾಗಿ ಇಡೀ ಆವರಣವನ್ನು ಒಂದೇ ಸಲ ತೆರವು ಮಾಡಲು ಹೋಗಬೇಡಿ. ನೀವು ಪ್ರತಿ ವರ್ಷ ನೋಡಿಕೊಳ್ಳಬಲ್ಲಷ್ಟು ಸಾಲುಗಳನ್ನು ಮಾತ್ರ ತೆಗೆದುಕೊಳ್ಳಿ. ಅಕ್ಟೋಬರ್ ಕೊನೆಯ ವಾರ ಒಂದು ಸುತ್ತು ಕಳೆ ತೆಗೆದರೆ ಕಲ್ಲರೈ ತಿರುನಾಳಿಗೆ ಬರುವವರಿಗೆ ದಾರಿಯಾಗುತ್ತದೆ, ಆ ದಿನ ನಿಮ್ಮ ಪಟ್ಟಿ ಹಿಡಿದು ಗೇಟಿನ ಬಳಿ ಒಬ್ಬರು ಕುಳಿತರೆ ಹೊಸ ಹೆಸರುಗಳೂ ಸಿಗುತ್ತವೆ. ಬೇಸಿಗೆಗೆ ಮುಂಚೆ ಇನ್ನೊಂದು ಸುತ್ತು ಒಣ ಹುಲ್ಲು ತೆಗೆಯಿರಿ, ಬೀಡಿ ಬೆಂಕಿಗೆ ಅದು ಹತ್ತಿಕೊಳ್ಳುತ್ತದೆ.

ದಾಖಲೆ ಒಬ್ಬರ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು. ಮುದ್ರಿಸಿ ಬೈಂಡ್ ಮಾಡಿಸಿದ ಪ್ರತಿಗಳು ಚರ್ಚಿನಲ್ಲೊಂದು, ನಗರಸಭೆಯಲ್ಲೊಂದು, ಊರಿನ ಗ್ರಂಥಾಲಯದಲ್ಲೊಂದು ಇರಲಿ. ಫೋಟೋಗಳ ಪ್ರತಿ ಕನಿಷ್ಠ ಇಬ್ಬರ ಬಳಿ, ಬೇರೆ ಬೇರೆ ಮನೆಯಲ್ಲಿ. ಆನ್‌ಲೈನ್‌ನಲ್ಲಿ ಹಾಕುವಾಗ ಇತ್ತೀಚಿನ ದಶಕಗಳ ಸಮಾಧಿಗಳ ವಿವರವನ್ನು ಮನೆಯವರ ಒಪ್ಪಿಗೆಯಿಲ್ಲದೆ ಹಾಕಬೇಡಿ, ಅಮೃತಶಿಲೆ ಮತ್ತು ಸೀಸದ ಅಕ್ಷರಗಳಿರುವ ಸಮಾಧಿಗಳ ನಿಖರ ಜಾಗವನ್ನೂ ತೋರಿಸಬೇಡಿ. ಆ ಪಟ್ಟಿಯನ್ನು ಕಳ್ಳರೂ ಓದುತ್ತಾರೆ.